ಸುಟ್ಟು ನೋಡಿದ ಕ್ಯಾಪ್ಸೂಲ್

ಬೆಳಗಿನ ಜಾವ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಧರಣೇಂದ್ರ ಎರ್ನಾಕುಲಂ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಆಗಷ್ಟೇ ಕೊಂಡ ನೀರಿನ ಬಾಟಲಿಯನ್ನು ದೀಪದ ಬೆಳಕಿಗೆ ಹಿಡಿದು ಅದರ ಮುಚ್ಚಳದ ಸೀಲನ್ನು ಪರೀಕ್ಷಿಸುತ್ತಿದ್ದರು. ಸೀಲು ಎಲ್ಲೂ ಹರಿದಿರಲಿಲ್ಲ. ಆದರೂ ಬಾಟಲಿಯನ್ನು ತಲೆಕೆಳಗೆ ಮಾಡಿ ಒಮ್ಮೆ ಹಿಚುಕಿದರು. ಒಂದು ಹನಿಯೂ ಸೋರಲಿಲ್ಲ.

"ಆಯ್ತಾ? ಬಾಟ್ಲಿ ಪಾಸಾ?" ಪಕ್ಕದಲ್ಲಿದ್ದ ಹೆಂಡತಿ ಕಲ್ಯಾಣಿ ಕೇಳಿದರು.

"ಹಳೇ ಬಾಟ್ಲಿಗೆ ನಲ್ಲಿನೀರು ತುಂಬಿಸಿ ಮಾರುವವರು ಇದ್ದಾರೆ ಮಾರಾಯ್ತಿ. ನಿನಗೆ ಗೊತ್ತಿಲ್ಲ."

"ನನಗೆ ಗೊತ್ತಿಲ್ಲದ್ದು ತುಂಬ ಉಂಟು ಬಿಡಿ," ಎಂದು ಕಲ್ಯಾಣಿ ಹಳಿಗಳ ಕಡೆ ತಿರುಗಿದರು.

ಧರಣೇಂದ್ರರ ಆ ದಿನದ ನಿಜವಾದ ಸಂಶಯ ಬಾಟಲಿಯ ಮೇಲಿರಲಿಲ್ಲ. ಒಂಬತ್ತು ವರ್ಷಗಳಿಂದ ಅವರು ಈ ರೈಲಿನಲ್ಲಿ ತಿರುವನಂತಪುರಕ್ಕೆ ಒಬ್ಬರೇ ಹೋಗಿ ಬರುತ್ತಿದ್ದರು. ನಿನ್ನೆ ಸಂಜೆ ಕಲ್ಯಾಣಿ ಇದ್ದಕ್ಕಿದ್ದಂತೆ, "ನಾನೂ ಬರ್ತೇನೆ, ಅಲ್ಲಿಯ ಚಾಲೈ ಪೇಟೆಯಲ್ಲಿ ಒಂದು ಮಣ್ಣಿನ ಕುಂಡ ತಕೊಳ್ಲಿಕ್ಕುಂಟು," ಎಂದಿದ್ದರು. ಒಂದು ಹೂಕುಂಡಕ್ಕಾಗಿ ಐದು ತಾಸು ರೈಲಿನಲ್ಲಿ ಕೂರುವ ಹೆಂಗಸು ಯಾರಿದ್ದಾರೆ? ಕೊಚ್ಚಿಯಲ್ಲಿ ಕುಂಡಗಳಿಗೆ ಬರ ಬಂದಿದೆಯೇ? ಸರಕಿನ ಕಾಗದದಲ್ಲಿ ಬರೆದದ್ದೊಂದು, ಪೆಟ್ಟಿಗೆಯೊಳಗಿರುವುದು ಇನ್ನೊಂದು ಎಂದು ಅವರ ಮೂಗಿಗೆ ಆಗಲೇ ಹೊಡೆದಿತ್ತು.

ಆ ಮೂಗು ಅವರ ಉದ್ಯೋಗದ್ದು. ವೇಣೂರಿನ ಕಡೆಯ ಜೈನ ಮನೆಯಲ್ಲಿ ಹುಟ್ಟಿ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಕಸ್ಟಮ್ಸ್ ಇಲಾಖೆ ಸೇರಿದ ಧರಣೇಂದ್ರ ಈಗ ಕೊಚ್ಚಿಯ ವಲ್ಲಾರ್ಪಾಡಂನ ಕಂಟೇನರ್ ಟರ್ಮಿನಲ್ಲಿನಲ್ಲಿ ಸರಕು ತಪಾಸಣೆಯ ಸೂಪರಿಂಟೆಂಡೆಂಟ್. ಹತ್ತಿ ಎಂದು ಬರೆದ ಬಟ್ಟೆ ಬಂದರೆ ಅದರಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಬೆಂಕಿಗೆ ತೋರಿಸಿ ಮೂಸುತ್ತಿದ್ದರು. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಪ್ರಯೋಗಾಲಯದ ವರದಿ ವಾರ ಬಿಟ್ಟು ಬಂದಾಗ ಅವರ ಮೂಗು ಹೇಳಿದ್ದೇ ಅದರಲ್ಲಿರುತ್ತಿತ್ತು.

ಮನೆಯಲ್ಲೂ ಅದೇ ಕ್ರಮ. ಕಳಮಶ್ಶೇರಿಯಲ್ಲಿ ಇಂಜಿನಿಯರಿಂಗ್ ಓದುವ ಮಗಳು ನಂದಿತಾಳಿಗೆ ಬಂದ ಪಾರ್ಸೆಲ್ಲನ್ನು ಮೂರು ಸುತ್ತು ತಿರುಗಿಸಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. "ಅಪ್ಪಾ, ಇದು ವೀಡಾಣ್, ಪೋರ್ಟ್ ಅಲ್ಲ," ಎಂದು ಅವಳು ಮಲಯಾಳದಲ್ಲಿ ರೇಗುತ್ತಿದ್ದಳು. ಇದು ಮನೆ, ಬಂದರಲ್ಲ ಎಂದು ಅವಳ ದೂರು.

ಎರಡು ವರ್ಷದ ಹಿಂದೆ, ಇಲಾಖೆಗೆ ಹೊಸದಾಗಿ ಸೇರಿದವರಿಗೆ ಕಳಮಶ್ಶೇರಿಯಲ್ಲಿ ತರಗತಿ ತೆಗೆದುಕೊಂಡಾಗ, ಆಶಿಶ್ ಎಂಬ ಹುಡುಗ ಎದ್ದು ನಿಂತು ಕೇಳಿದ್ದ: "ಸರ್, ನೀವು ಬಿಚ್ಚಿ ನೋಡಿದ ಪೆಟ್ಟಿಗೆಗಳಲ್ಲಿ ಎಷ್ಟರಲ್ಲಿ ಮೋಸ ಇತ್ತು?" ಧರಣೇಂದ್ರ ಒಂದು ಅಂಕಿ ಹೇಳಿದರು. ತರಗತಿ ಘೊಳ್ಳೆಂದು ನಕ್ಕಿತು. ಅದರಲ್ಲಿ ನಗುವಂಥದ್ದೇನು ಎಂದು ಅವರು ಮನೆಗೆ ಬಂದು ಕಲ್ಯಾಣಿಯ ಹತ್ತಿರ ಬೇಸರಪಟ್ಟುಕೊಂಡಿದ್ದರು.

ರೈಲು ಕೊಲ್ಲಂ ದಾಟುವವರೆಗೂ ಕಲ್ಯಾಣಿ ಮಡಿಲಲ್ಲಿಟ್ಟ ಕೈಚೀಲದ ಜಿಪ್ಪನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬೆಲೆಬಾಳುವುದನ್ನು ಅಡಗಿಸಿಟ್ಟವರು ಹಾಗೆಯೇ ಮುಟ್ಟಿಕೊಳ್ಳುತ್ತಾರೆ ಎಂಬುದನ್ನು ಧರಣೇಂದ್ರ ವಿಮಾನ ನಿಲ್ದಾಣದ ಕೆಲಸದಲ್ಲಿದ್ದಾಗ ಕಲಿತಿದ್ದರು.

ಅವರು ತಿರುವನಂತಪುರಕ್ಕೆ ಹೋಗುತ್ತಿದ್ದುದು ಎಚ್‌ಐವಿಯ ಔಷಧಿಗೆ. ಸೋಂಕು ಹೇಗೆ ಬಂತೆಂದು ಕಲ್ಯಾಣಿ ಒಂದೇ ಒಂದು ಸಲ ಕೇಳಿದ್ದರು, ಅವರು ಮುಚ್ಚಿಡದೆ ಹೇಳಿದ್ದರು, ಆ ಮಾತು ಇಬ್ಬರ ನಡುವೆಯೇ ಮುಗಿದಿತ್ತು. ಕಲ್ಯಾಣಿಗೆ ಸೋಂಕಿಲ್ಲ. ಕೊಚ್ಚಿಯಲ್ಲೇ ಔಷಧಿ ಸಿಗುತ್ತದೆ. ಆದರೆ ಬಂದರಿನ ಅರ್ಧ ಜನಕ್ಕೆ ಗುರುತಿರುವ ಮುಖವನ್ನು ಆ ಸಾಲಿನಲ್ಲಿ ನಿಲ್ಲಿಸಲು ಧರಣೇಂದ್ರರಿಗೆ ಧೈರ್ಯವಿರಲಿಲ್ಲ.

ಮೊದಲು ಕೊಟ್ಟ ಔಷಧಿ ಕೆಲವು ವರ್ಷ ನಡೆದು ಕೈಕೊಟ್ಟಿತ್ತು. ಆಗ ಅವರು ಪ್ಯಾಂಟಿಗೆ ದಾರ ಕಟ್ಟಿಕೊಳ್ಳುವಷ್ಟು ಇಳಿದುಹೋಗಿದ್ದರು. ಆಮೇಲೆ ಕೊಟ್ಟ ಎರಡನೆಯ ಹಂತದ ಉದ್ದನೆಯ ಮಾತ್ರೆಗಳು ಅವರನ್ನು ಹಾಸಿಗೆಯಿಂದ ಎಬ್ಬಿಸಿದವು. ಅಂದಿನಿಂದ ಬೆಳಿಗ್ಗೆ ಒಂಬತ್ತು, ರಾತ್ರಿ ಒಂಬತ್ತು, ತಪ್ಪಿದ್ದಿಲ್ಲ. ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿತ್ತು. ಜಗತ್ತಿನಲ್ಲಿ ಧರಣೇಂದ್ರ ಪ್ರಶ್ನೆ ಮಾಡದೆ ನುಂಗುತ್ತಿದ್ದುದು ಆ ಮಾತ್ರೆಗಳನ್ನು ಮಾತ್ರ.

ಈಗ ತೊಂದರೆ ಬಂದದ್ದೂ ಅವುಗಳಿಂದಲೇ. ಕಳೆದ ವರ್ಷ ರಕ್ತ ತೆಗೆದಾಗ ನಳಿಕೆಯಲ್ಲಿ ಮೇಲೆ ತಿಳಿಯಾಗಿ ನಿಲ್ಲಬೇಕಾದ ಭಾಗ ತೆಂಗಿನಹಾಲಿನಂತೆ ಬೆಳ್ಳಗಿತ್ತು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ತೇಲುವ ಕೊಬ್ಬು, ನೂರೈವತ್ತರ ಒಳಗಿರಬೇಕಾದ್ದು ಸಾವಿರದ ನೂರ ನಲವತ್ತು ಮುಟ್ಟಿತ್ತು.

"ನೋಡಿ ಧರಣೇಂದ್ರರೇ," ಎಂದಿದ್ದರು ಡಾಕ್ಟರ್ ಮಂದಾಕಿನಿ. ಅವರು ಕಾಸರಗೋಡಿನವರು, ಕನ್ನಡದಲ್ಲೇ ಮಾತಾಡುತ್ತಿದ್ದರು. "ಸಾವಿರ ದಾಟಿದ್ರೆ ಹೊಟ್ಟೆಯೊಳಗೆ ಮೇದೋಜ್ಜೀರಕ ಗ್ರಂಥಿ ಯಾವತ್ತು ಬೇಕಾದ್ರೂ ಊದಿಕೊಳ್ಬಹುದು. ಅದು ಊದಿದ್ರೆ ಆಸ್ಪತ್ರೆಗೆ ಬರ್ಲಿಕ್ಕೆ ಸಹ ಪುರುಸೊತ್ತು ಸಿಗುದಿಲ್ಲ ಕೆಲವರಿಗೆ. ನಿಮ್ಮ ಎಚ್‌ಐವಿ ಮದ್ದು ಕೊಬ್ಬು ಏರಿಸುವಂಥದ್ದು. ಬದಲಾಯಿಸುವ."

"ಅದು ಬೇಡ ಡಾಕ್ಟ್ರೇ. ಅದೊಂದು ಬಿಟ್ಟು ಬೇರೆ ಎಂತ ಬೇಕಾದ್ರೂ ಕೊಡಿ."

"ಹೊಸದು ಒಳ್ಳೇದುಂಟು."

"ಮೊದಲಿನದ್ದನ್ನೂ ಒಳ್ಳೇದು ಅಂತಲೇ ಕೊಟ್ಟದ್ದು."

ಮಂದಾಕಿನಿ ವರದಿಯನ್ನು ಮತ್ತೊಮ್ಮೆ ನೋಡಿದರು. "ಕುಡಿಯುದುಂಟಾ?" ಎಂದರು.

ಧರಣೇಂದ್ರರ ಕಿವಿ ಬಿಸಿಯಾಯಿತು. ಸೂರ್ಯ ಮುಳುಗಿದ ಮೇಲೆ ಅನ್ನವನ್ನೇ ಮುಟ್ಟದ ಮನುಷ್ಯನಿಗೆ ಕೇಳುವ ಪ್ರಶ್ನೆಯೇ ಇದು? "ಇಲ್ಲ," ಎಂದರು. ಆ ಉತ್ತರವನ್ನು ಮಂದಾಕಿನಿ ನಂಬಲಿಲ್ಲ ಎಂಬುದು ಅವರ ಹುಬ್ಬಿನಲ್ಲೇ ಕಾಣುತ್ತಿತ್ತು. ಬಂದರಿನ ಕಸ್ಟಮ್ಸ್ ಅಧಿಕಾರಿ, ಸಾವಿರ ದಾಟಿದ ಕೊಬ್ಬು, ಇನ್ನೇನಿರುತ್ತದೆ ಎಂಬ ಹುಬ್ಬು.

ಆ ದಿನ ಅವರು ಕೊಬ್ಬು ಇಳಿಸಲು ಎರಡು ಔಷಧಿ ಬರೆದರು. ಮೇಜಿನ ಮೇಲಿದ್ದ ಒಂದರ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಧರಣೇಂದ್ರ ಸಣ್ಣ ಅಕ್ಷರ ಓದಿದರು. ಮೀನಿನೆಣ್ಣೆ. ಅದನ್ನು ಅಲ್ಲಿಯೇ ಹಿಂದಿರುಗಿಸಿದರು. ಮಂದಾಕಿನಿ ನಾಲಿಗೆ ಕಚ್ಚಿಕೊಂಡು, "ಅಯ್ಯೋ, ನನಗೆ ಹೊಳೀಲೇ ಇಲ್ಲ. ಅದು ಬಿಡಿ, ಇನ್ನೊಂದು ಸಾಕು. ಫೆನೋಫೈಬ್ರೇಟ್, ರಾತ್ರಿ ಊಟದ ಜೊತೆ ಒಂದು," ಎಂದರು. ಆ ಇನ್ನೊಂದು ಎರಡು ಬಣ್ಣದ ಕ್ಯಾಪ್ಸೂಲ್.

ಒಮ್ಮೆ ಎದ್ದ ಸಂಶಯ ಅಷ್ಟಕ್ಕೇ ಮಲಗುತ್ತದೆಯೇ? ಔಷಧಿ ಕೊಡುವ ಕಿಟಕಿಯಲ್ಲಿ ಧರಣೇಂದ್ರ, "ಇದು ಸಸ್ಯಾಹಾರವಾ?" ಎಂದು ಕೇಳಿದರು. "ಮದ್ದಿಗೆ ಎಂಥ ಸಸ್ಯಾಹಾರ ಸಾರೇ!" ಎಂದು ಒಳಗಿದ್ದವನು ನಕ್ಕು ಮುಂದಿನವರನ್ನು ಕರೆದ. ಮರುದಿನ ಅವರು ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಒಂದು ಕ್ಯಾಪ್ಸೂಲನ್ನು ಬಿಡಿಸಿ, ಖಾಲಿ ಕವಚವನ್ನು ಇಕ್ಕಳದಲ್ಲಿ ಹಿಡಿದು, ಗ್ಯಾಸಿನ ಬೆಂಕಿಗೆ ತೋರಿಸಿ ಮೂಸಿದರು.

ಕೂದಲು ಸುಟ್ಟ ವಾಸನೆ. ಪ್ರಾಣಿಯ ಎಲುಬು, ಚರ್ಮದಿಂದ ತೆಗೆದ ಜಿಲಾಟಿನ್. ಅವರಿಗೆ ಬೇರೆ ವರದಿ ಬೇಕಿರಲಿಲ್ಲ.

ಅಂದಿನಿಂದ ಅವರು ಕ್ಯಾಪ್ಸೂಲ್ ನುಂಗಲಿಲ್ಲ. ಹಾಗೆಂದು ಔಷಧಿಯನ್ನೂ ಬಿಡಲಿಲ್ಲ. ಪೆಟ್ಟಿಗೆ ಬೇರೆ, ಸರಕು ಬೇರೆ ಎಂಬುದು ಅವರ ಇಲಾಖೆಯ ಮೊದಲ ಪಾಠ. ಕವಚ ಬಿಡಿಸಿ ಒಳಗಿನ ಬಿಳಿ ಪುಡಿಯನ್ನು ನೀರಿಗೆ ಸುರಿದು, ರಾತ್ರಿ ಒಂಬತ್ತಕ್ಕೆ ಹಳೆಯ ಮಾತ್ರೆಗಳ ಜೊತೆಗೇ ಕುಡಿದುಬಿಡುತ್ತಿದ್ದರು. ಊಟ ಸಂಜೆ ಐದೂವರೆಗೆ ಮುಗಿದಿರುತ್ತಿತ್ತು. ಕತ್ತಲಾದ ಮೇಲೆ ನೀರಿಗೂ ಔಷಧಿಗೂ ಮಾತ್ರ ಅವರ ವ್ರತದಲ್ಲಿ ವಿನಾಯಿತಿ. ಇದನ್ನು ಡಾಕ್ಟರಿಗೆ ಹೇಳಲಿಲ್ಲ. ಮೀನೆಣ್ಣೆ ಬರೆದವರಿಗೆ ಹೇಳಿ ಏನು ಪ್ರಯೋಜನ? ಕಲ್ಯಾಣಿಗೂ ಹೇಳಲಿಲ್ಲ. ಹೇಳಿದರೆ ಅಡುಗೆಮನೆಯ ಬೆಂಕಿಯಲ್ಲಿ ಏನು ಸುಟ್ಟರೆಂಬುದನ್ನೂ ಹೇಳಬೇಕಾಗುತ್ತಿತ್ತು.

ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿದಾಗ ಕೊಬ್ಬು ಸಾವಿರದ ತೊಂಬತ್ತು. ಮಂದಾಕಿನಿಯವರ ಹುಬ್ಬು ಇನ್ನೂ ಮೇಲೇರಿತ್ತು. "ಇನ್ನೊಂದೇ ಸಲ ನೋಡ್ತೇನೆ. ಇಳೀದಿದ್ರೆ ನಿಮ್ಮ ಹಳೇ ಮಾತ್ರೆ ನಿಲ್ಲಿಸ್ತೇನೆ, ಮತ್ತೆ ಕೇಳುದಿಲ್ಲ. ಬರುವಾಗ ಮನೆಯವರನ್ನು ಕರ್ಕೊಂಡು ಬನ್ನಿ," ಎಂದಿದ್ದರು. ಆ ಕೊನೆಯ ಮಾತನ್ನು ಧರಣೇಂದ್ರ ಮನೆಗೆ ಮುಟ್ಟಿಸಿರಲಿಲ್ಲ. ಆದರೆ ಕಲ್ಯಾಣಿ ಈಗ ಎದುರಿನ ಸೀಟಿನಲ್ಲಿ ಕೂತಿದ್ದರು. ಡಾಕ್ಟರೇ ಫೋನು ಮಾಡಿ ಕರೆಸಿದರೇ? ಊರಿನ ಕಡೆಯವರೆಂದರೆ ಅದೇ ಭಯ. ಕಾಸರಗೋಡಿನಲ್ಲಿ ಆಡಿದ ಮಾತು ವೇಣೂರಿಗೆ ಮುಟ್ಟಲು ಒಂದು ಮದುವೆ ಸಾಕು.

ಹತ್ತೂವರೆಗೆ ರಕ್ತ ಕೊಟ್ಟರು. ನಳಿಕೆಯ ಮೇಲೆ ಬರೆದ ಹೆಸರನ್ನು ಎರಡು ಸಲ ಓದಿದರು. ವರದಿ ಬರುವುದು ಮಧ್ಯಾಹ್ನ.

"ಸರಿ, ಕುಂಡ ನೋಡುವ," ಎಂದರು ಕಲ್ಯಾಣಿ.

ಚಾಲೈ ಬೀದಿಯಲ್ಲಿ ಕೈಗಾಡಿಗಳ ನಡುವೆ ನುಸುಳಿಕೊಂಡು ಇಬ್ರಾಹಿಂ ಎಂಬವನ ಅಂಗಡಿಗೆ ಹೋದರು. ಒಂದು ಬದಿಯಲ್ಲಿ ಮಣ್ಣಿನ ಪಾತ್ರೆ, ಇನ್ನೊಂದು ಬದಿಯಲ್ಲಿ ಎಣ್ಣೆಯ ಡಬ್ಬಗಳು. ಧರಣೇಂದ್ರರ ಕೈ ತಾನಾಗಿಯೇ ತೆಂಗಿನೆಣ್ಣೆಯ ಹನಿಯೊಂದನ್ನು ಅಂಗೈಗೆ ಹಾಕಿ ಉಜ್ಜಿ ಮೂಸಿತು.

"ಸಾರೇ, ಅದು ಎಣ್ಣೆ, ಬಾಂಬಲ್ಲ," ಎಂದ ಇಬ್ರಾಹಿಂ. "ಚೇಚೀ, ಇವರು ಮನೇಲಿ ಚೋರು ಉಣ್ಣುವಾಗಲೂ ಹೀಗೇನಾ?"

"ಅನ್ನವನ್ನು ಸುಮ್ಮನೆ ಬಿಡ್ತಾರೆ. ಮದ್ದನ್ನು ಸುಮ್ಮನೆ ಬಿಡುದಿಲ್ಲ," ಎಂದರು ಕಲ್ಯಾಣಿ ತಮ್ಮ ಹರಕು ಮಲಯಾಳದಲ್ಲಿ. ಧರಣೇಂದ್ರರ ಅಂಗೈ ಮೂಗಿನ ಹತ್ತಿರವೇ ನಿಂತಿತು.

ಕಲ್ಯಾಣಿ ಒಂದು ಅಗಲ ಬಾಯಿಯ ಕುಂಡವನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರು. ಆಮೇಲೆ ಗಂಡನ ಕಡೆ ನೋಡದೆ ಕನ್ನಡದಲ್ಲಿ ಹೇಳಿದರು. "ಬಾಲ್ಕನಿಯ ಕರಿಬೇವಿನ ಗಿಡ ಬಾಡಿದೆ. ಹೋದ ವಾರ ಬುಡ ಕೆದಕಿದೆ. ಆ ಮಣ್ಣಿನಲ್ಲಿ ಎಂತೆಂತದೋ ಉಂಟು."

ಧರಣೇಂದ್ರ ಎಣ್ಣೆ ಹಚ್ಚಿದ ಕೈಯನ್ನು ಕರವಸ್ತ್ರಕ್ಕೆ ಒರೆಸಿದರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು. ಖಾಲಿ ಕವಚಗಳನ್ನು ಕಸದ ಬುಟ್ಟಿಗೆ ಹಾಕಿದರೆ ಕಾಣುತ್ತದೆಂದು ಅವರು ದಿನವೂ ಕರಿಬೇವಿನ ಕುಂಡದಲ್ಲಿ ಹೂಳುತ್ತಿದ್ದರು. ಮಣ್ಣಾಗಿ ಹೋಗುತ್ತವೆ ಎಂದುಕೊಂಡಿದ್ದರು. ನೀರು ಬಿದ್ದರೆ ಜಿಲಾಟಿನ್ ಉಬ್ಬಿ ಮುದ್ದೆಯಾಗುತ್ತದೆಂಬುದು ಬಿ.ಎಸ್ಸಿ. ಓದಿದವರಿಗೆ ಗೊತ್ತಿರಬೇಕಾದ ಸಂಗತಿಯೇ.

ಕುಂಡವನ್ನು ಇಬ್ರಾಹಿಂ ಹುಲ್ಲು ಸುತ್ತಿ ಕಟ್ಟಿಕೊಟ್ಟ. ಅದನ್ನು ಹಿಡಿದುಕೊಂಡು ಹಿಂದಿರುಗುವಾಗ ಹೆಂಡತಿಯ ಕೈಚೀಲದ ಜಿಪ್ಪಿನ ಮೇಲೆಯೇ ಅವರ ಕಣ್ಣು.

ಮಂದಾಕಿನಿಯವರ ಕೋಣೆಯಲ್ಲಿ ವರದಿ ಮೇಜಿನ ಮೇಲಿತ್ತು. "ಸಾವಿರದ ಅರವತ್ತು," ಎಂದರು ಅವರು. "ವೈರಸ್ ಮಾತ್ರ ಪತ್ತೆ ಇಲ್ಲ. ಒಂದು ಮದ್ದು ಇಷ್ಟು ಚೆನ್ನಾಗಿ ಕೆಲಸ ಮಾಡುವ ದೇಹದಲ್ಲಿ ಇನ್ನೊಂದು ಯಾಕೆ ಮಾಡುದಿಲ್ಲ?" ಕಲ್ಯಾಣಿಯ ಕಡೆ ತಿರುಗಿದರು. "ನೀವು ಬಂದದ್ದು ಒಳ್ಳೇದಾಯ್ತು. ಬೇಸರ ಮಾಡ್ಬೇಡಿ, ಕೇಳ್ಲೇಬೇಕು. ಇವರು ಕುಡೀತಾರಾ?"

ಕಲ್ಯಾಣಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ಇವರಾ? ಕತ್ತಲಾದ ಮೇಲೆ ಮಜ್ಜಿಗೆ ಕೊಟ್ರೆ ಜಗಳಕ್ಕೆ ಬರ್ತಾರೆ ಡಾಕ್ಟ್ರೇ." ಆಮೇಲೆ ನಗು ನಿಂತಿತು. ಕೈಚೀಲ ತೆರೆದು ಒಂದು ಸ್ಟೀಲಿನ ಕುಂಕುಮದ ಭರಣಿ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳದ ಸುತ್ತ ಅಂಟುಪಟ್ಟಿ ಸುತ್ತಿದ್ದರು. ಧರಣೇಂದ್ರರಿಗೆ ಆ ಸ್ಥಿತಿಯಲ್ಲೂ ಅದು ಕಾಣದೆ ಹೋಗಲಿಲ್ಲ. ಇಪ್ಪತ್ತೈದು ವರ್ಷ ಅವರ ಜೊತೆ ಬಾಳಿದ ಹೆಂಗಸು ನಮೂನೆ ತೆಗೆದು ಸೀಲು ಮಾಡಿ ತಂದಿದ್ದರು.

ಒಳಗೆ ಮಣ್ಣು ಮೆತ್ತಿದ, ಉಬ್ಬಿದ, ಬಣ್ಣಗೆಟ್ಟ ಮೂರು ನಾಲ್ಕು ಮುದ್ದೆಗಳು.

"ಕರಿಬೇವಿನ ಬುಡದಲ್ಲಿ ಹೂತಿಟ್ಟಿದ್ರು. ದಿನಾ ಮದ್ದು ಬಿಸಾಡಿದ್ದಾರೆ. ನಿಮಗೆ ತಕೊಳ್ತೇನೆ ಅಂತ ಹೇಳಿದ್ದಾರೆ, ನನಗೂ ಹೇಳಿದ್ದಾರೆ." ಕಲ್ಯಾಣಿಯ ದನಿ ಏರಲಿಲ್ಲ. "ಇವರಿಗೆ ಬದುಕುದು ಬೇಡ ಅಂತ ಉಂಟಾ ಏನಂತ ಕೇಳ್ಲಿಕ್ಕೆ ಬಂದೆ. ಮನೇಲಿ ಕೇಳ್ಲಿಕ್ಕೆ ನನಗೆ ಹೆದರಿಕೆ ಆಯ್ತು. ಹೌದು ಅಂದ್ರೆ ನಾನು ಎಂತ ಮಾಡುದು?"

ಧರಣೇಂದ್ರ ಜೀವಮಾನದಲ್ಲಿ ಸಿಕ್ಕಿಬಿದ್ದವರ ಮುಖಗಳನ್ನು ಬೇಕಾದಷ್ಟು ನೋಡಿದ್ದರು. ತಮ್ಮ ಮುಖ ಈಗ ಹೇಗಿದೆಯೆಂದು ಅವರಿಗೆ ಕನ್ನಡಿಯಿಲ್ಲದೆಯೂ ಗೊತ್ತಾಯಿತು.

"ಬಿಸಾಡಿಲ್ಲ ಮಾರಾಯ್ತಿ," ಎಂದರು. "ಅದು ಬರೀ ಕವಚ. ಮದ್ದು ಕುಡಿದಿದ್ದೇನೆ. ಒಂದು ದಿನವೂ ಬಿಟ್ಟಿಲ್ಲ." ಆಮೇಲೆ ಎಲ್ಲವನ್ನೂ ಹೇಳಿದರು. ಇಕ್ಕಳ, ಬೆಂಕಿ, ವಾಸನೆ, ರಾತ್ರಿ ಒಂಬತ್ತರ ಲೋಟ.

ಮಂದಾಕಿನಿ ಭರಣಿಯನ್ನು ನೋಡಿದರು, ಅವರನ್ನು ನೋಡಿದರು. "ಪುಡಿ ನೀರಲ್ಲಿ ಕರಗ್ತಿತ್ತಾ?"

"ಇಲ್ಲ. ಮೇಲೆ ತೇಲ್ತಿತ್ತು. ಲೋಟಕ್ಕೆ ಅಂಟ್ತಿತ್ತು."

"ಅಂಟಿದ್ದು?"

"ತೊಳೆದು ಇಡ್ತಿದ್ದೆ."

"ಹಾಗಾದ್ರೆ ಸ್ವಲ್ಪ ಸಿಂಕು ಕುಡೀತು. ಉಳಿದದ್ದನ್ನು ನೀವು ಖಾಲಿ ಹೊಟ್ಟೆಗೆ ಕುಡಿದ್ರಿ." ಅವರು ಪೆನ್ನು ಕೆಳಗಿಟ್ಟರು. "ಧರಣೇಂದ್ರರೇ, ಇದು ನೀರಿಗೆ ಹೊಂದದ ಮದ್ದು. ಈ ಕ್ಯಾಪ್ಸೂಲು ಮೈಗೆ ಸರಿಯಾಗಿ ಹತ್ತಬೇಕಾದ್ರೆ ಊಟ ಬೇಕು, ಊಟದಲ್ಲಿರುವ ಎಣ್ಣೆ ತುಪ್ಪ ಬೇಕು. ನೀವು ಐದೂವರೆಗೆ ಉಂಡು ಒಂಬತ್ತಕ್ಕೆ ಕುಡಿದ್ರೆ ಬಂದ ದಾರಿಗೆ ಸುಂಕ ಇಲ್ಲ ಅಂತ ಅದು ಹೊರಗೆ ಹೋಗ್ತದೆ. ಯಾಕೆ ಹೇಳ್ಲಿಲ್ಲ? ಇದೇ ಮದ್ದು ಮಾತ್ರೆಯಾಗಿ ಸಹ ಬರ್ತದೆ. ಕವಚವೇ ಇಲ್ಲ. ಕೇಳಿದ್ರೆ ಅವತ್ತೇ ಬರೆದು ಕೊಡ್ತಿದ್ದೆ."

"ನೀವು ಮೀನೆಣ್ಣೆ ಬರ್ದಿದ್ರಿ."

"ಬರ್ದಿದ್ದೆ. ತಪ್ಪು ನನ್ನದು. ಅಷ್ಟೇ ಅಲ್ಲ, ರಾತ್ರಿ ಊಟ ಅಂದೆ, ನೀವು ರಾತ್ರಿ ಉಣ್ತೀರಾ ಅಂತ ಕೇಳ್ಲಿಲ್ಲ. ಕುಡೀತೀರಾ ಅಂತ ಮಾತ್ರ ಮತ್ತೆ ಮತ್ತೆ ಕೇಳಿದೆ." ಮಂದಾಕಿನಿ ನಕ್ಕರು, ಆದರೆ ಹುಬ್ಬು ಇಳಿದಿತ್ತು. "ನೀವು ನನ್ನ ಮದ್ದನ್ನು ಸುಟ್ಟು ನೋಡಿದ್ರಿ, ನಾನು ನಿಮ್ಮನ್ನು ಸುಟ್ಟು ನೋಡಿದೆ. ಇವರು ಒಬ್ಬರು ಮಾತ್ರ ಕಾಣಿಸಿದ್ದನ್ನು ತಂದು ಎದುರಿಗೆ ಇಟ್ರು."

"ಎಷ್ಟು ದಿನದ ಮೇಲೆ!" ಎಂದರು ಕಲ್ಯಾಣಿ. "ನಾನೂ ಸುಮ್ಮನೆ ಸಂಶಯ ಮಾಡ್ತಾ ಕೂತೆ."

ಹಳೆಯ ಎಚ್‌ಐವಿ ಮಾತ್ರೆಯನ್ನು ಆ ದಿನ ನಿಲ್ಲಿಸಲಿಲ್ಲ. ಕೊಬ್ಬಿನ ಔಷಧಿ ಮಾತ್ರೆಯಾಯಿತು, ಅದರ ಹೊತ್ತು ಸಂಜೆ ಐದೂವರೆಯ ಊಟಕ್ಕೆ ಬಂತು. ಹೊಟ್ಟೆನೋವು ಬಂದರೆ ಮರುದಿನದವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ ಎಲ್ಲ ಔಷಧಿಯ ಹೆಸರನ್ನೂ ಹೇಳಬೇಕೆಂದು ಮಂದಾಕಿನಿ ಎರಡೆರಡು ಸಲ ಹೇಳಿದರು. ಚಹಾದ ಸಕ್ಕರೆ, ಸಂಜೆಯ ಬೆಲ್ಲದವಲಕ್ಕಿ, ಬಾಳೆಹಣ್ಣಿನ ಹಲ್ವ ಎಲ್ಲವೂ ಅವರ ಪೆನ್ನಿಗೆ ಸಿಕ್ಕಿ ಹೋದವು. ಹಲ್ವದ ವಿಷಯ ಬಯಲು ಮಾಡಿದ್ದು ಕಲ್ಯಾಣಿ. ಧರಣೇಂದ್ರ ಊಟದ ಮೊದಲು ಗೋಶ್ರೀ ಸೇತುವೆಯ ಬದಿಯಲ್ಲಿ ನಡೆಯಲು ತೊಡಗಿದರು. ಕರಿಬೇವು ಹೊಸ ಕುಂಡಕ್ಕೆ ಹೋಯಿತು.

ಮೂರು ತಿಂಗಳ ಮೇಲೆ ಇಬ್ಬರೂ ಒಟ್ಟಿಗೇ ಹೋದರು. ಕೊಬ್ಬು ಮುನ್ನೂರ ತೊಂಬತ್ತಕ್ಕೆ ಇಳಿದಿತ್ತು. ಧರಣೇಂದ್ರ ನಳಿಕೆಯನ್ನು ತೋರಿಸಿ ಎಂದು ಕೇಳಿ ನೋಡಿದರು. ಬಿಳಿ ಹೋಗಿ ಮಂಜು ಮುಸುಕಿದ ಹಳದಿಯಾಗಿತ್ತು.

"ಗ್ರಂಥಿಯ ಭಯ ಸದ್ಯಕ್ಕೆ ದೂರ ಹೋಯ್ತು," ಎಂದರು ಮಂದಾಕಿನಿ. "ಆದ್ರೆ ಇಷ್ಟು ಸಹ ಹೃದಯಕ್ಕೆ ಒಳ್ಳೇದಲ್ಲ. ಈಗ ಹೆದರಿಸಿ ಹೇಳುದಲ್ಲ, ಕೇಳುದು. ಎಚ್‌ಐವಿ ಮದ್ದು ಬದಲಾಯಿಸುವನಾ? ಹೊಸದು ಕೊಬ್ಬನ್ನು ಅಷ್ಟು ಏರಿಸುದಿಲ್ಲ. ತೂಕ ಸ್ವಲ್ಪ ಏರಬಹುದು, ಅದು ನೋಡ್ಬೇಕು. ವೈರಸ್ಸಿನ ಲೆಕ್ಕ ಮತ್ತೆ ಪರೀಕ್ಷೆ ಮಾಡುವ. ಏರಿದ್ರೆ ಮುಚ್ಚಿಡುದಿಲ್ಲ, ನಿಮಗೇ ಮೊದಲು ಹೇಳ್ತೇನೆ."

ಧರಣೇಂದ್ರರಿಗೆ ಪ್ಯಾಂಟಿಗೆ ಕಟ್ಟಿಕೊಂಡಿದ್ದ ದಾರ ನೆನಪಾಯಿತು. "ಕವಚ ಉಂಟಾ?" ಎಂದು ಕೊನೆಗೆ ಕೇಳಿದರು.

"ಇಲ್ಲ. ಮಾತ್ರೆ. ದಿನಕ್ಕೆ ಒಂದೇ."

"ಆಯ್ತು," ಎಂದರು.

ಹಿಂದಿರುಗುವ ರೈಲಿನಲ್ಲಿ ಹೊಸ ಡಬ್ಬಿ ಅವರ ತೊಡೆಯ ಮೇಲಿತ್ತು. ಹೆಬ್ಬೆರಳು ಮುಚ್ಚಳದ ಸೀಲಿನ ಸುತ್ತ ಒಂದು ಸುತ್ತು ಬಂತು, ಎರಡನೆಯ ಸುತ್ತಿಗೆ ಹೊರಟು ಅರ್ಧದಲ್ಲಿ ನಿಂತಿತು. ಅವರು ಡಬ್ಬಿಯನ್ನು ಎತ್ತಿ ಹೆಂಡತಿಯ ಕೈಚೀಲಕ್ಕೆ ಹಾಕಿದರು.

"ಸುಟ್ಟು ನೋಡ್ಲಿಕ್ಕಿಲ್ವಾ?" ಎಂದರು ಕಲ್ಯಾಣಿ.

"ಸುಮ್ಮನಿರು ಮಾರಾಯ್ತಿ."

"ಅಲ್ಲ ಇವ್ರೇ, ಕಳಮಶ್ಶೇರಿಯಲ್ಲಿ ಆ ಹುಡುಗ ಕೇಳಿದ್ನಲ್ಲ, ಎಷ್ಟು ಪೆಟ್ಟಿಗೆಯಲ್ಲಿ ಮೋಸ ಇತ್ತು ಅಂತ. ಅವರೆಲ್ಲ ಯಾಕೆ ನಕ್ಕದ್ದು ಅಂತ ನಿಮಗೆ ಗೊತ್ತಾಯ್ತಾ?"

ಧರಣೇಂದ್ರ ಕಿಟಕಿಯ ಹೊರಗೆ ನೋಡಿದರು. ಮೀಸೆಯ ಕೆಳಗೆ ತುಟಿ ಸಡಿಲವಾಯಿತು. ಆ ದಿನ ತರಗತಿಯಲ್ಲಿ ಅವರು ಎದೆಯುಬ್ಬಿಸಿ, ಕೊನೆಯ ಬೆಂಚಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ್ದರು: "ನೂರಕ್ಕೆ ಎರಡು."